ಜೋಡಿ ಹಾಕುವವರು

ಅವರ ಎರಡು ಕೈಗಳ ಬಣ್ಣ ಬೇರೆ ಬೇರೆ. ಬಲಗೈ ಮೊಣಕೈವರೆಗೆ ಸುಟ್ಟ ಬದನೆಕಾಯಿಯಷ್ಟು ಕಪ್ಪು, ಎಡಗೈ ಗೋಧಿ ಬಣ್ಣ. ಹದಿನಾರು ವರ್ಷ ಬಸ್ಸಿನ ಸ್ಟೇರಿಂಗ್ ಹಿಡಿದು, ಬಲಗೈಯನ್ನು ಕಿಟಕಿಗೆ ಆನಿಸಿ ಚಳ್ಳಕೆರೆಯ ಬಿಸಿಲಿಗೆ ಒಪ್ಪಿಸಿದ್ದರ ಗುರುತು ಅದು. ನಾನು ಅವರನ್ನು ಮೊದಲ ಸಲ ಕಂಡಾಗ ಅವರು ಸ್ಟೇರಿಂಗ್ ಬಿಟ್ಟು ಆರೇಳು ವರ್ಷವಾಗಿತ್ತು. ಬೆನ್ನು ಕೆಟ್ಟು, ಇನ್ನು ಗಾಡಿ ಓಡಿಸುವಂತಿಲ್ಲ ಎಂದು ಡಾಕ್ಟರು ಹೇಳಿದ ಮೇಲೆ ಡಿಪೋದ ಒಳಗಿನ ಕುರ್ಚಿಗೆ ಹಾಕಿದ್ದರು. ಆದರೂ ಆ ಕೈ ಬೆಳ್ಳಗಾಗಿರಲಿಲ್ಲ. ಬರೆಯಲು ಎರಡೂ ಕೈಗಳನ್ನು ಮೇಜಿನ ಮೇಲಿಟ್ಟರೆ ಇಬ್ಬರು ಒತ್ತಿಕೊಂಡು ಕೂತಂತೆ ಕಾಣುತ್ತಿತ್ತು.

ನಾಳೆಯ ಡ್ಯೂಟಿ ಹಾಕುವುದು ಅವರ ಕೆಲಸ. ಯಾವ ರೂಟಿಗೆ ಯಾವ ಡ್ರೈವರು, ಅವನ ಜೊತೆ ಯಾವ ಕಂಡಕ್ಟರು ಎಂದು ದಿನವೂ ಮಧ್ಯಾಹ್ನ ಮೂರು ಗಂಟೆಯೊಳಗೆ ಉದ್ದನೆಯ ಚಾರ್ಟ್ ಬರೆದು ಹಲಗೆಗೆ ಅಂಟಿಸಬೇಕು. ಕೇಳಿದರೆ ಬರೀ ಗುಮಾಸ್ತಿಕೆ ಅನ್ನಿಸುತ್ತದೆ. ಆದರೆ ಆ ಹಾಳೆಯಲ್ಲಿ ಅಕ್ಕಪಕ್ಕ ಬರೆಸಿಕೊಂಡ ಇಬ್ಬರು ಮರುದಿನ ಹನ್ನೆರಡು ತಾಸು ಒಂದೇ ತಗಡಿನ ಡಬ್ಬಿಯೊಳಗೆ, ಅದೇ ಧೂಳು, ಅದೇ ಸೆಕೆ, ಅದೇ ಜನರ ಜಗಳದಲ್ಲಿ ಕಾಲ ಹಾಕಬೇಕು. ಒಬ್ಬರಿಗೊಬ್ಬರು ಆಗದಿದ್ದರೆ ಸಂಜೆಯ ಹೊತ್ತಿಗೆ ಇಬ್ಬರ ಮುಖವೂ ಹುಳಿ ಮಜ್ಜಿಗೆ. ಎಲ್ಲರೂ ಅವರನ್ನು ಎದುರಿಗೆ ಯಜಮಾನ್ರು ಎನ್ನುತ್ತಿದ್ದರು, ಬೆನ್ನ ಹಿಂದೆ ‘ಜೋಡಿ ಹಾಕೋರು’ ಎನ್ನುತ್ತಿದ್ದರು. ಮದುವೆ ದಲ್ಲಾಳಿಯನ್ನು ಕರೆದ ಹಾಗೆ.

ಚಾರ್ಟ್ ಅಂಟಿಸಿದ ಕೂಡಲೇ ಹಲಗೆಯ ಮುಂದೆ ಜನ ಮುಗಿಬೀಳುತ್ತಿದ್ದರು, ಬೈಗುಳ ಶುರುವಾಗುತ್ತಿತ್ತು. ಯಜಮಾನ್ರು ಆ ಹೊತ್ತಿಗೆ ಹಲಗೆಗೆ ಬೆನ್ನು ಹಾಕಿ, ಕಿವುಡರಂತೆ ಚಹಾ ಕುಡಿಯುತ್ತ ಕೂರುತ್ತಿದ್ದರು. ಒಮ್ಮೆ ಕೇಳಿದೆ, ಇಷ್ಟು ಬೈಸಿಕೊಂಡೂ ಎದ್ದು ಹೋಗುವುದಿಲ್ಲವಲ್ಲ ಎಂದು. “ಎದ್ದು ಹೋದ್ರೆ ಹೆಂಗೆ ಗೊತ್ತಾಗ್ತೈತೆ? ಸುಮ್ನೆ ಬೈದ್ರೆ ಅದು ಅಭ್ಯಾಸ. ಹೆಸರು ಹಿಡಿದು ಬೈದ್ರೆ ಜೋಡಿ ಸರಿಯಿಲ್ಲ. ಬೈಯದೇ ಹೋದ್ರೆ ಮನೇಲಿ ಏನೋ ಆಗೈತೆ” ಎಂದರು. ಅವರು ಹೇಳಿದ್ದು ಸರಿಯಿತ್ತು. ಸದಾ ಕೂಗಾಡುವ ಒಬ್ಬ ಡ್ರೈವರು ಒಂದು ವಾರ ತುಟಿ ಬಿಚ್ಚದೆ ಚಾರ್ಟ್ ನೋಡಿ ಹೋದದ್ದನ್ನು ಕಂಡು, ಅವರೇ ಅವನ ಮನೆಗೆ ಹೋಗಿ ಬಂದರು. ಹಸುಗೂಸು ರಾತ್ರಿಯಿಡೀ ಅತ್ತು ಅವನಿಗೆ ನಿದ್ದೆ ಇರಲಿಲ್ಲ. ಮೂರು ತಿಂಗಳು ಅವನಿಗೆ ಮಧ್ಯಾಹ್ನದ ಗಾಡಿ ಮಾತ್ರ ಹಾಕಿದರು, ಯಾರಿಗೂ ಕಾರಣ ಹೇಳಲಿಲ್ಲ.

ನಾನು ಕಂಡಕ್ಟರಾಗಿ ಸೇರಿದ್ದು ತೊಂಬತ್ತರ ದಶಕದ ನಡುವಿನಲ್ಲಿ. ನಮ್ಮದು ಮೊಳಕಾಲ್ಮುರು ತಾಲ್ಲೂಕಿನ ಗಡಿ ಕಡೆಯ ಹಳ್ಳಿ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ನನಗೆ ಓದುವ ಹುಚ್ಚಿತ್ತು, ಜನರನ್ನು ಕಂಡರೆ ಅಳುಕಿತ್ತು, ಗಂಟಲಿನಿಂದ ದನಿಯೇ ಬರುತ್ತಿರಲಿಲ್ಲ. ಇಂಥವನನ್ನು ದೇವರು ತಂದು ಕಂಡಕ್ಟರ್ ಕೆಲಸಕ್ಕೇ ಹಾಕಬೇಕೇ? ಕೆಲಸ ಸಿಕ್ಕ ದಿನ ಅವ್ವ ಬೀದಿಗೆಲ್ಲ ಬೆಲ್ಲ ಹಂಚಿದಳು. ನಾನು ಮನೆಯಿಂದ ಹೊರಗೇ ಬರಲಿಲ್ಲ.

ಮೊದಲ ದಿನ ಯಜಮಾನ್ರು ನನ್ನನ್ನು ಎದುರಿಗೆ ಕೂರಿಸಿಕೊಂಡು ಎರಡೇ ಪ್ರಶ್ನೆ ಕೇಳಿದರು.

“ನಿಂಗೆ ನಿದ್ದೆ ಯಾವಾಗ ಬರ್ತೈತಯ್ಯ?”

“ಒಂಬತ್ತಕ್ಕೆ ಮಲಗ್ತೀನಿ ಸಾರ್. ನಾಲ್ಕಕ್ಕೆ ಎಚ್ಚರ ಆಗ್ತೈತೆ.”

“ಬುತ್ತಿ ಯಾರ ಜತೆ ಬಿಚ್ತೀಯ?”

ನನಗೆ ಅರ್ಥವಾಗಲಿಲ್ಲ. ಒಬ್ಬನೇ ತಿನ್ನುತ್ತೀಯೋ, ನಾಲ್ಕು ಜನರ ನಡುವೆಯೋ ಎಂದು ಬಿಡಿಸಿ ಕೇಳಿದರು. ಸಂಕೋಚದಿಂದ, ಪರಿಚಯದವರಾದರೆ ಜೊತೆಗೆ, ಇಲ್ಲದಿದ್ದರೆ ಗಾಡಿಯ ಹಿಂದಿನ ಸೀಟಿನಲ್ಲಿ ಒಬ್ಬನೇ ಎಂದೆ. ಅವರು ತಲೆಯಾಡಿಸಿದರು, ಏನೂ ಬರೆದುಕೊಳ್ಳಲಿಲ್ಲ. ಡಿಪೋದ ನೂರಾರು ಜನರ ನಿದ್ದೆ, ಊಟ, ಸಿಟ್ಟು, ಎಲ್ಲವೂ ಅವರ ತಲೆಯಲ್ಲೇ ಇತ್ತು.

ಕೆಲಸ ಕಲಿಯುವವರೆಗೆ ಎಲ್ಲ ರೂಟಿಗೂ ಹೋಗಬೇಕೆಂಬುದು ನಿಯಮ. ನಾಯಕನಹಟ್ಟಿಯ ರೂಟು ಎಂದರೆ ನನಗೆ ಆಗುತ್ತಲೇ ಇರಲಿಲ್ಲ. ಅದರಲ್ಲೂ ಸೋಮವಾರ. ದೇವರಿಗೆ ಬಂದವರು, ಸಂತೆಗೆ ಹೊರಟವರು, ಕುರಿ ಹಿಡಿದುಕೊಂಡು ಹತ್ತಲು ನೋಡುವವರು. ನಾನು “ಮುಂದೆ ಹೋಗ್ರಿ” ಎಂದರೆ ಪಕ್ಕದವನಿಗೂ ಕೇಳುತ್ತಿರಲಿಲ್ಲ. “ಏನಂದ್ರಿ? ಉಂಡು ಬಂದೀರೋ ಇಲ್ವೋ?” ಎಂದು ಒಬ್ಬಾಕೆ ಬಸ್ಸಿನ ತುಂಬ ಕೇಳುವಂತೆ ನನ್ನನ್ನು ಗೇಲಿ ಮಾಡಿದ್ದಳು. ರೈಟ್, ಹೋಲ್ಡಾನ್ ಎನ್ನುವ ಎರಡು ಪದವೂ ನನ್ನ ಬಾಯಿಂದ ಪ್ರಾರ್ಥನೆಯಂತೆ ಹೊರಡುತ್ತಿದ್ದವು. ಈ ಕೆಲಸವೇ ನನಗಲ್ಲ, ಬಿಟ್ಟು ಊರಿಗೆ ಹೋಗುತ್ತೇನೆ ಎಂದು ವಾರಕ್ಕೊಮ್ಮೆ ತೀರ್ಮಾನ ಮಾಡುತ್ತಿದ್ದೆ. ಅವ್ವ ಹಂಚಿದ ಬೆಲ್ಲ ನೆನಪಾಗಿ ಸುಮ್ಮನಾಗುತ್ತಿದ್ದೆ.

ಹೀಗಿರುವಾಗ ಒಂದು ಸೋಮವಾರಕ್ಕೆ ನನ್ನ ಹೆಸರು ಮತ್ತೆ ನಾಯಕನಹಟ್ಟಿಗೆ ಬಿತ್ತು. ನನ್ನ ಜೊತೆಗೇ ಸೇರಿದ್ದ ಗೆಳೆಯನೊಬ್ಬನಿಗೆ ದೇವಸಮುದ್ರದ ಗಾಡಿ ಬಿದ್ದಿತ್ತು. ಅವನಿಗೆ ಜನ ಎಂದರೆ ಜಾತ್ರೆಯ ಖುಷಿ. ಅದಲುಬದಲು ಮಾಡಿಕೊಳ್ಳೋಣ ಎಂದು ನಾನೇ ಕೇಳಿದೆ, ಅವನು ಹೂಂ ಎಂದ. ಯಾರಿಗೂ ಹೇಳದೆ, ಚಾರ್ಟ್ ಮುಟ್ಟದೆ, ಬೆಳಿಗ್ಗೆ ನಾನು ಅವನ ಗಾಡಿ ಹತ್ತಿದೆ, ಅವನು ನನ್ನ ಗಾಡಿ ಹತ್ತಿದ. ಹೀಗೆ ಕದ್ದು ಡ್ಯೂಟಿ ಬದಲಾಯಿಸಿಕೊಂಡದ್ದು ಗೊತ್ತಾದರೆ, ಇನ್ನೂ ಕಾಯಂ ಆಗದ ನಮ್ಮಂಥವರಿಗೆ ಮನೆಯೇ ಗತಿ. ಅದು ಗೊತ್ತಿದ್ದೂ ಹತ್ತಿದೆ.

ಆ ಗಾಡಿಯ ಡ್ರೈವರು ಹುಬ್ಬಳ್ಳಿ ಕಡೆಯವರು. ನಮ್ಮ ಡಿಪೋಗೆ ಬಂದು ಎರಡು ವಾರವಾಗಿತ್ತು. ಒಳ್ಳೆಯ ಮನುಷ್ಯ, ದಾರಿಯುದ್ದಕ್ಕೂ “ಏನ್ ತಮ್ಮಾ” ಎಂದೇ ಮಾತಾಡಿಸಿದರು. ದೇವಸಮುದ್ರದಲ್ಲಿ ಗಾಡಿಯನ್ನು ಹಿಂದಕ್ಕೆ ತಂದು ತಿರುಗಿಸಬೇಕು. ನಾನು ಇಳಿದು ಹಿಂದೆ ನಿಂತು, ಗಾಡಿಯ ಮೈ ತಟ್ಟುತ್ತ “ಬರ್ಲಿ, ಬರ್ಲಿ” ಎನ್ನುತ್ತಿದ್ದೆ. ಹಿಂದೆ ಮಂಡಕ್ಕಿ ಮೆಣಸಿನಕಾಯಿ ಮಾಡುವ ಹೋಟೆಲಿನ ತಗಡಿನ ಚಪ್ಪರವಿತ್ತು. ಗಾಡಿ ಅದಕ್ಕೆ ತೀರ ಹತ್ತಿರ ಬಂದದ್ದು ಕಂಡು ನನಗೆ ಗಾಬರಿಯಾಯಿತು. ಕೊರಳಲ್ಲಿ ಸೀಟಿ ಇತ್ತು, ಊದಲು ನೆನಪಾಗಲಿಲ್ಲ. ಜೀವಮಾನದಲ್ಲೇ ಮೊದಲ ಸಲ ಗಂಟಲು ಹರಿಯುವಂತೆ ಕೂಗಿದೆ.

“ಚಾಲು! ಚಾಲು!”

ನಮ್ಮ ಮನೆಯ ತೆಲುಗಿನಲ್ಲಿ ಚಾಲು ಎಂದರೆ ಸಾಕು. ಅವರ ಹುಬ್ಬಳ್ಳಿಯ ಕನ್ನಡದಲ್ಲಿ ಚಾಲೂ ಎಂದರೆ ನಡೆಯಲಿ, ಬಿಡು. ಅವರು ಬಿಟ್ಟರು.

ಚಪ್ಪರ ಕೆಳಗೆ ಬಂತು. ಗಾಡಿಯ ಹಿಂದಿನ ಗಾಜು ಪುಡಿಯಾಯಿತು. ಕಾದ ಎಣ್ಣೆಯ ಬಾಣಲೆ ಮಗುಚಿ ಎಣ್ಣೆ ಕಟ್ಟೆಯ ಮೇಲಿಂದ ಹರಿಯಿತು. ಹೋಟೆಲಿನವನು ಹಾರಿ ಪಕ್ಕಕ್ಕೆ ಬಿದ್ದು ಉಳಿದುಕೊಂಡ. ಎಣ್ಣೆ ಹರಿದ ಆ ಕಟ್ಟೆಯ ಮೇಲೆ ಸ್ವಲ್ಪ ಹೊತ್ತಿನ ಮುಂಚೆ ಇಬ್ಬರು ಶಾಲೆಯ ಹುಡುಗಿಯರು ಕೂತಿದ್ದರು. ಡ್ರೈವರು ಕೆಳಗಿಳಿದು ಬೆರಗಾಗಿ ನನ್ನನ್ನೇ ನೋಡಿದರು. “ಚಾಲೂ ಅಂದಿ ನೀ, ನಾ ಬಿಟ್ಟೆ. ಮತ್ಯಾಕ ಅಳಾಕತ್ತಿ?” ನಾನು ಅಳುತ್ತಿದ್ದೇನೆಂದು ನನಗೇ ತಿಳಿದಿರಲಿಲ್ಲ.

ಮರುದಿನ ಮ್ಯಾನೇಜರ ಕೋಣೆಗೆ ಕರೆ ಬಂತು. ನಾನು, ಡ್ರೈವರು, ಯಜಮಾನ್ರು ಸಾಲಾಗಿ ನಿಂತೆವು. ರಾತ್ರಿಯೇ ನಾನು ತೀರ್ಮಾನಿಸಿಬಿಟ್ಟಿದ್ದೆ. ಡ್ಯೂಟಿ ಕದ್ದು ಬದಲಾಯಿಸಿಕೊಂಡೆ ಎಂದು ಹೇಳಿಬಿಡುವುದು, ರಾಜೀನಾಮೆ ಕೊಟ್ಟು ಊರ ದಾರಿ ಹಿಡಿಯುವುದು. ಮ್ಯಾನೇಜರು ಚಾರ್ಟ್ ತರಿಸಿ ಮೇಜಿನ ಮೇಲೆ ಹರಡಿ, “ಈ ಗಾಡಿಗೆ ಇವನು ಹೆಂಗೆ ಬಂದ?” ಎಂದರು. ನಾನು “ಸಾರ್, ನಾನು” ಎಂದು ಬಾಯಿ ತೆರೆದೆ. ನನ್ನ ದನಿ ಎಂದಿನಂತೆ ಗಂಟಲಲ್ಲೇ ಇತ್ತು. ಅದರ ಮೇಲೆ ಯಜಮಾನ್ರ ದನಿ ಬಂದು ಕೂತಿತು.

“ಆ ಜೋಡಿ ನಾನೇ ಹಾಕಿದ್ದು ಸಾರ್. ಬೆಳಿಗ್ಗೆ ಬದಲಾಯಿಸಿದೆ. ನೋಡ್ರಿ, ಅಲ್ಲೇ ಹೊಡೆದು ಬರೆದೀನಿ.”

ಚಾರ್ಟಿನಲ್ಲಿ ಗೆಳೆಯನ ಹೆಸರಿನ ಮೇಲೆ ಗೆರೆ ಎಳೆದಿತ್ತು. ಪಕ್ಕದಲ್ಲಿ ನನ್ನ ಹೆಸರು, ಕೆಳಗೆ ಅವರ ಸಹಿ. ನನ್ನ ಹೆಸರಿದ್ದಲ್ಲಿ ಅವನದು. ಯಾವಾಗ ಬರೆದರೋ ತಿಳಿಯದು.

ಮ್ಯಾನೇಜರು ನಂಬಲಾರದೆ ಅವರ ಮುಖ ನೋಡಿದರು. “ಹೊಸ ಡ್ರೈವರ್ ಜೊತೆ ಗಡಿ ಕಡೆ ಹುಡುಗರನ್ನ ಹಾಕಬಾರದು, ಮಾತು ಹೆಚ್ಚುಕಡಿಮೆ ಆಗ್ತೈತೆ ಅಂತ ನೀವೇ ನನಗೆ ಹೇಳ್ತಿದ್ರಲ್ರೀ!”

“ಹೇಳ್ತಿದ್ದೆ ಸಾರ್. ಅವತ್ತು ಮರೆತೆ.”

ಅವರು ಮರೆಯುವವರಲ್ಲ ಎಂದು ಆ ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಆದರೆ ಸಹಿ ಕಣ್ಣ ಮುಂದೆ ಇತ್ತು. ಎಂದೂ ಕೆಟ್ಟ ಜೋಡಿ ಹಾಕಿದವನಲ್ಲ ಎಂಬ ಒಂದೇ ಒಂದು ಹೆಮ್ಮೆ ಆ ಮನುಷ್ಯನಿಗಿತ್ತು. ಇಡೀ ಡಿಪೋದ ಅತಿ ಕೆಟ್ಟ ಜೋಡಿಗೆ ಅವರು ತಮ್ಮ ಹೆಸರು ಬರೆದುಕೊಟ್ಟರು.

ಹೊರಗೆ ಬಂದ ಮೇಲೆ, ಡೀಸೆಲ್ ಪಂಪಿನ ಹಿಂದೆ ನನ್ನನ್ನು ನಿಲ್ಲಿಸಿಕೊಂಡು ಬೈದರು. ಅಷ್ಟು ಬೈಗುಳ ಅವರ ಬಾಯಲ್ಲಿ ನಾನು ಕೇಳಿರಲಿಲ್ಲ.

“ಗಾಬರಿ ಆದ್ರೆ ನಿನ್ನ ಬಾಯಿಗೆ ತೆಲುಗು ಬರ್ತೈತೆ ಕಣಲೇ. ನಿಂಗೆ ಗೊತ್ತಿಲ್ಲ, ನಂಗೆ ಗೊತ್ತೈತೆ. ಅದಕ್ಕೇ ಅವನ ಜತೆ ಹಾಕಿರ್ಲಿಲ್ಲ. ಆ ಹುಡುಗ್ಯೋರು ಅಲ್ಲೇ ಕೂತಿದ್ದಿದ್ರೆ?”

ನಾನು ತಲೆ ತಗ್ಗಿಸಿ, ಕೆಲಸ ಬಿಡುತ್ತೇನೆ, ಇದು ನನಗೆ ಹೇಳಿದ್ದಲ್ಲ ಎಂದೆ.

ಅವರ ಸಿಟ್ಟು ಇಳಿಯಿತು. ಬೆನ್ನು ನೀವಿಕೊಂಡರು. “ಕೆಲಸ ಹಿಡಿಸಲ್ಲ ಅಂತೀಯಲ್ಲ, ಅದರ ಯಾವ ಮೂಲೆ ಹಿಡಿಸಲ್ಲ ಅಂತ ನೋಡಿದೀಯಾ? ನಿಂಗೆ ಜನ ಬ್ಯಾಡ ಅಂತಲ್ಲಯ್ಯ. ಹೊಸ ಜನ ಬ್ಯಾಡ. ಪರಿಚಯದೋರ ಜತೆ ಬುತ್ತಿ ಬಿಚ್ತೀನಿ ಅಂದಿಲ್ವಾ?” ಎಂದರು. ಆಮೇಲೆ ತಮ್ಮದನ್ನೇ ಹೇಳಿದರು. ಡ್ರೈವರಾಗಿದ್ದಾಗ ಆರು ವರ್ಷ ಒಬ್ಬ ಕಂಡಕ್ಟರ ಜೊತೆ ಒಂದೂ ಮಾತಿಲ್ಲದೆ, ಬರೀ ಗಂಟೆಯ ಸದ್ದಿನ ಮೇಲೆ ಗಾಡಿ ಓಡಿಸಿದ್ದರಂತೆ. ಏನಕ್ಕೆ ಮಾತು ಬಿಟ್ಟೆವೆಂಬುದೇ ಕೊನೆಗೆ ಇಬ್ಬರಿಗೂ ಮರೆತುಹೋಗಿತ್ತು. “ಡಾಕ್ಟ್ರು ಸೀಟಿನಿಂದ ಬೆನ್ನು ಹೋತು ಅಂದ್ರು. ಸೀಟಿನಿಂದಲ್ಲ. ಆರು ವರ್ಷ ಬಿಗಿಹಿಡ್ಕೊಂಡು ಕೂತಿದ್ದೆನಲ್ಲ, ಅದರಿಂದ.”

ಮರುದಿನದಿಂದ ನನ್ನ ಹೆಸರು ಬೆಳಗಿನ ಐದೂವರೆಯ ಮೊಳಕಾಲ್ಮುರು ಗಾಡಿಗೆ ಬಿತ್ತು. ಹೋಗುವುದೂ ಬರುವುದೂ ಅದೇ ಜನ. ಸಿದ್ದಾಪುರಕ್ಕೆ ಹೋಗುವ ಮೇಷ್ಟ್ರು, ನರ್ಸಮ್ಮ, ಸೀರೆ ಗಂಟು ಹೊತ್ತ ನೇಕಾರರು, ಕಾಲೇಜಿನ ಮಕ್ಕಳು. ಡ್ರೈವರು ಚಳ್ಳಕೆರೆಯ ಒಬ್ಬ ಸಾಬರು. ಅವರ ಬಾಯಿಗೆ ಬಿಡುವೇ ಇರಲಿಲ್ಲ. ಮೊದಲ ದಿನವೇ ಹೇಳಿದರು, “ನೋಡು ಭಾಯಿ, ನೀನು ಟಿಕೆಟ್ ಕೊಡು, ಕೂಗೋದು ನಂಗೆ ಬಿಡು.” ಊರು ಬಂದರೆ ಕಿಟಕಿಯಿಂದ ತಲೆ ಹಾಕಿ ಕೂಗುವುದು ಅವರು. ಯಾರು ಇನ್ನೂ ಬಂದಿಲ್ಲ, ಯಾರಿಗೆ ಮೊಣಕಾಲು ನೋವು, ಯಾರ ಗಂಟನ್ನು ಯಾವ ಊರಲ್ಲಿ ಇಳಿಸಬೇಕು ಎಂದು ನೆನಪಿಡುವುದು ನಾನು. ನರ್ಸಮ್ಮ ಓಡಿ ಬರುತ್ತಿದ್ದಾರೆಂದು ನಾನು ಮೆಲ್ಲಗೆ ಹೇಳಿದರೆ ಸಾಬರು ಗಾಡಿ ನಿಲ್ಲಿಸುತ್ತಿದ್ದರು. ಎರಡು ತಿಂಗಳಲ್ಲಿ, ರಜೆಯ ದಿನ ನನಗೆ ಬೇಜಾರಾಗತೊಡಗಿತು. ಒಂದು ಸಲ ಜ್ವರ ಬಂದು ಮೂರು ದಿನ ಮಲಗಿದ್ದಾಗ ಮೇಷ್ಟ್ರು ನನ್ನ ಬಾಡಿಗೆ ಕೋಣೆಗೇ ಬಂದು ನೋಡಿಕೊಂಡು ಹೋದರು.

ಆದರೆ ಇದಕ್ಕೆ ತೆತ್ತವರು ಯಜಮಾನ್ರು. ತಿಂಗಳೊಳಗೆ ಅವರನ್ನು ಚಾರ್ಟಿನಿಂದ ತೆಗೆದು ಮೊಳಕಾಲ್ಮುರು ನಿಲ್ದಾಣಕ್ಕೆ, ಬರುವ ಹೋಗುವ ಗಾಡಿಗಳ ಸಮಯ ಬರೆದುಕೊಳ್ಳುವ ಕೆಲಸಕ್ಕೆ ಹಾಕಿದರು. ತಗಡಿನ ಗೂಡು. ಬೇಸಿಗೆಯಲ್ಲಿ ಒಳಗೆ ಕೈ ಇಟ್ಟರೆ ಸುಡುತ್ತಿತ್ತು. ಕೂರಲು ಒಂದು ಮುರುಕು ಸ್ಟೂಲು, ಬೆನ್ನಿಗೆ ಆಸರೆಯಿಲ್ಲ. ನನ್ನ ಗಾಡಿ ದಿನವೂ ಅಲ್ಲಿಗೇ ಹೋಗಿ ನಿಲ್ಲಬೇಕು. ಮೊದಲ ಹತ್ತು ದಿನ ನಾನು ಇಳಿಯಲೇ ಇಲ್ಲ. ಟಿಕೆಟ್ ಜೋಡಿಸುವ ನೆಪದಲ್ಲಿ ತಲೆ ಬಗ್ಗಿಸಿ ಕೂತಿರುತ್ತಿದ್ದೆ, ಸಾಬರೇ ಹೋಗಿ ಸಮಯ ಬರೆಸಿ ಬರುತ್ತಿದ್ದರು. ಹನ್ನೊಂದನೆಯ ದಿನ ಯಜಮಾನ್ರೇ ಗಾಡಿಯ ಬಾಗಿಲಿಗೆ ಬಂದರು.

“ಮಾರಿ ಯಾಕೆ ತಿರುಗಿಸ್ತೀಯಾ? ನಾನೇನು ಮುನಿಸ್ಕೊಂಡ ಬೀಗನಾ? ಇಳಿ, ಚಹಾ ಕುಡಿಯಾಣ.”

ಆ ವಾರ ಸಾಬರೂ ನಾನೂ ಡಿಪೋದವರನ್ನು ಕೇಳಿಕೊಂಡು, ಗುಜರಿಗೆ ಹಾಕಿದ್ದ ಗಾಡಿಯ ಡ್ರೈವರ್ ಸೀಟೊಂದನ್ನು ಬಸ್ಸಿನಲ್ಲೇ ತಂದು ಆ ಗೂಡಿನೊಳಗೆ ಕೂರಿಸಿದೆವು. ಅವರು ಅದರ ಮೇಲೆ ಕೂತು ಬಲಗೈಯನ್ನು ಗೂಡಿನ ಕಿಟಕಿಗೆ ಆನಿಸಿ, “ಹಳೇ ಕೈ ಬಿಸಿಲಿಗೆ ಬಂತು ನೋಡು” ಎಂದು ನಕ್ಕರು.

ಅಲ್ಲೂ ಅವರು ಖುಷಿಯಾಗಿದ್ದರು ಎಂದು ಬರೆದರೆ ಸುಳ್ಳಾಗುತ್ತದೆ. ಆ ಕೆಲಸ ಅವರಿಗೆ ಹಿಡಿಸಲೇ ಇಲ್ಲ. ದಿನವೂ ಚಹಾದ ಹೊತ್ತಿಗೆ “ಇವತ್ತು ಯಾರ ಜತೆ ಯಾರನ್ನ ಹಾಕ್ಯಾರೆ?” ಎಂದು ಕೇಳುತ್ತಿದ್ದರು. ನಾನು ಹೇಳಿದರೆ “ಅಯ್ಯೋ, ಅವನ ಜತೆ ಅವನಾ!” ಎಂದು ನೋವಾದಂತೆ ಮುಖ ಕಿವುಚುತ್ತಿದ್ದರು. ಕೂತಲ್ಲೇ ಬಾಯಲ್ಲಿ ಬೇರೆ ಚಾರ್ಟ್ ಬರೆಯುತ್ತಿದ್ದರು. ಅದನ್ನು ಕೇಳುತ್ತ ನಿಲ್ಲುವುದು ನನಗೆ ಬೈಸಿಕೊಳ್ಳುವುದಕ್ಕಿಂತ ಕಷ್ಟವಾಗಿತ್ತು. ಎರಡು ಮೂರು ಸಲ, ಹೋಗಿ ನಿಜ ಹೇಳಿಬಿಡುತ್ತೇನೆ ಎಂದೆ. “ಹೇಳಿ ಏನು ಮಾಡ್ತೀಯ? ನಿನ್ನ ಕೆಲಸ ಹೋಗ್ತೈತೆ, ಆ ಹುಡುಗನ್ದೂ ಹೋಗ್ತೈತೆ, ಸುಳ್ಳು ಬರೆದೆ ಅಂತ ನಂದೂ ಹೋಗ್ತೈತೆ. ಒಂದು ಸೀಟಿಗೆ ಮೂರು ಸೀಟು ಕಳೀಬೇಡ. ಸುಮ್ನಿರು” ಎಂದರು. ನಾನು ಸುಮ್ಮನಿದ್ದೆ. ಸುಮ್ಮನಿರುವುದು ನನಗೆ ಸಲೀಸು. ಅದಕ್ಕೇ ನಾಚಿಕೆಯಾಗುತ್ತಿತ್ತು.

ಒಂದೂವರೆ ವರ್ಷದ ಮೇಲೆ ಅವರು ಚಾರ್ಟಿಗೆ ವಾಪಸಾದರು. ಮ್ಯಾನೇಜರು ಬದಲಾಗಿದ್ದರು. ಡಿಪೋದಲ್ಲಿ ಜಗಳ, ರಜೆ, ಚಿಕ್ಕಪುಟ್ಟ ಡಿಕ್ಕಿ ಹೆಚ್ಚಾಗಿದ್ದವು. ಯಜಮಾನ್ರನ್ನು ದಿನಾ ಬೈಯುತ್ತಿದ್ದ ಡ್ರೈವರುಗಳೇ ಗುಂಪಾಗಿ ಹೋಗಿ ಅವರನ್ನು ಕರೆಸಿ ಎಂದು ಕೇಳಿದ್ದರು. ಬಂದ ಮೊದಲ ದಿನ ಮೂರು ಗಂಟೆಗೆ ಚಾರ್ಟ್ ಅಂಟಿಸಿ ಹಲಗೆಗೆ ಬೆನ್ನು ಹಾಕಿ ಕೂತರು. ಬೈಗುಳ ಶುರುವಾಯಿತು. ಅವರ ಮುಖದಲ್ಲಿ ಅಂಥ ನೆಮ್ಮದಿಯನ್ನು ನಾನು ಮತ್ತೆ ಕಾಣಲಿಲ್ಲ.

ಆದರೂ ಆ ಒಂದು ಜೋಡಿಯ ಮಾತು ಅವರನ್ನು ಬಿಡಲಿಲ್ಲ. ಯಾರಿಗಾದರೂ ಡ್ಯೂಟಿ ಹಿಡಿಸದಿದ್ದರೆ, “ಯಜಮಾನ್ರೇ, ಇದೂ ದೇವಸಮುದ್ರದ ಜೋಡಿನಾ?” ಎಂದು ಕಾಲೆಳೆಯುತ್ತಿದ್ದರು. ಎರಡು ಸಾವಿರದ ಆಚೀಚೆ ಅವರು ನಿವೃತ್ತರಾದಾಗ, ಬೀಳ್ಕೊಡುಗೆಯಲ್ಲೂ ಮೈಕಿನಲ್ಲಿ ಒಬ್ಬ ಅದನ್ನೇ ಹೇಳಿ ಎಲ್ಲರನ್ನೂ ನಗಿಸಿದ. ಹಾರ ಹಾಕಿಕೊಂಡು ಕೂತ ಯಜಮಾನ್ರೂ ನಕ್ಕರು. ಪಕ್ಕದಲ್ಲಿದ್ದ ನಾನು ಏಳಲು ಹೋದೆ. ಅವರು ನಗುತ್ತಲೇ ನನ್ನ ಮಣಿಕಟ್ಟನ್ನು ಹಿಡಿದು ಕೂರಿಸಿದರು. ಮುದುಕರ ಹಿಡಿತವಾಗಿರಲಿಲ್ಲ ಅದು.

ಆಮೇಲೆ ಏಳೆಂಟು ವರ್ಷ ಬದುಕಿದ್ದರು. ಒಂದು ಬೆಳಿಗ್ಗೆ ನಾನು ಗಾಡಿ ಹತ್ತುವ ಮುಂಚೆ ಸಾಬರು ಬಂದು ನನ್ನ ಹೆಗಲ ಮೇಲೆ ಕೈಯಿಟ್ಟರು. ಎಂದೂ ಬಾಯಿಗೆ ಬಿಡುವಿಲ್ಲದವರು, ಅವತ್ತು ಮಾತಾಡಲಿಲ್ಲ. ನನಗೆ ತಿಳಿಯಿತು.

ಅವರ ಶಿವಗಣಾರಾಧನೆಗೆ ಡಿಪೋದವರೆಲ್ಲ ಚಳ್ಳಕೆರೆಯ ಅವರ ಮನೆಗೆ ಹೋಗಿದ್ದೆವು. ಊಟದ ಪಂಕ್ತಿಯಲ್ಲಿ ಹಳಬರು ಅವರ ಕಥೆ ಹೇಳಿಕೊಂಡು ನಗುತ್ತಿದ್ದರು, ಕಣ್ಣೊರೆಸಿಕೊಳ್ಳುತ್ತಿದ್ದರು. ಒಬ್ಬ ಹಳೆಯ ಮೆಕ್ಯಾನಿಕ್, ಪ್ರೀತಿಯಿಂದಲೇ, “ಅಷ್ಟು ವರ್ಷದಾಗೆ ಒಂದೇ ಒಂದು ತಪ್ಪು ಜೋಡಿ ಹಾಕಿದ್ದು ಮಾರಾಯ, ಆ ದೇವಸಮುದ್ರದ್ದು” ಎಂದ. ಯಜಮಾನ್ರ ಹೆಂಡತಿ ಬಡಿಸುವವರ ಹಿಂದೆ ನಿಂತು ಯಾರಿಗೆ ಏನು ಬೇಕೆಂದು ನೋಡುತ್ತಿದ್ದರು. ನಾನು ಎಲೆಯ ಮುಂದಿನಿಂದ ಎದ್ದು ನಿಂತೆ. ಈ ಸಲ ಮಣಿಕಟ್ಟು ಹಿಡಿಯುವವರಿರಲಿಲ್ಲ.

“ಆ ಜೋಡಿ ಅವರು ಹಾಕಿದ್ದಲ್ಲ” ಎಂದೆ. ಪಂಕ್ತಿಯ ಕೊನೆಯವರೆಗೆ ಕೇಳಿಸಿತು. “ನಾನು ಕದ್ದು ಬದಲಾಯಿಸ್ಕೊಂಡಿದ್ದೆ. ನನ್ನ ಕೆಲಸ ಉಳಿಸಾಕೆ ಅವರು ತಮ್ಮ ಮೇಲೆ ಹಾಕ್ಕೊಂಡ್ರು. ಅವರು ಒಂದೂ ತಪ್ಪು ಜೋಡಿ ಹಾಕಿಲ್ಲ.”

ಸಾಬರು ತಲೆ ತಗ್ಗಿಸಿದರು. ನಾನು ಯಜಮಾನ್ರ ಹೆಂಡತಿಯ ಕಡೆ ತಿರುಗಿ, ಇಷ್ಟು ವರ್ಷ ಹೇಳದೆ ಇದ್ದುದಕ್ಕೆ ಕ್ಷಮಿಸಬೇಕಮ್ಮ ಎಂದು ಕೈಮುಗಿದೆ.

ಆಕೆಗೆ ಆಶ್ಚರ್ಯವೇನೂ ಆಗಲಿಲ್ಲ. ನನ್ನ ಎಲೆಗೆ ಇನ್ನೊಂದು ಹೋಳಿಗೆ ಹಾಕಲು ಬಡಿಸುವವನಿಗೆ ಸನ್ನೆ ಮಾಡಿದರು.

“ಕೂತ್ಕಳಪ್ಪ, ಊಟದ ಮುಂದಿನಿಂದ ಏಳಬಾರ್ದು. ನಂಗೆ ಅವತ್ತೇ ಗೊತ್ತು. ಮನೆಗೆ ಬಂದೋರು ಚಪ್ಪಲಿ ಬಿಡೋಕೆ ಮುಂಚೆನೇ ಹೇಳಿದ್ರು. ‘ಆ ಹುಡುಗನ ಕೈಲಿ ಸುಳ್ಳು ಹೇಳಾಕಾಗಲ್ಲ ಕಣೇ, ಅದಕ್ಕೆ ಆ ಸುಳ್ಳಿನ ಡ್ಯೂಟಿ ನಾನೇ ಹಾಕ್ಕೊಂಡೆ’ ಅಂದ್ರು.”